ನೀರುದೋಸೆಯ ಹನ್ನೆರಡು ಸೆಕೆಂಡು

ಸಿನಿಮಾ ಮುಗಿದ ಮೇಲೂ ಕುರ್ಚಿಯಿಂದ ಏಳದವನು ನಾನು. ಎಲ್ಲ ಸಿನಿಮಾಕ್ಕೂ ಅಲ್ಲ ಮಾರಾಯ್ರೆ, ಕೈಯಲ್ಲಿ ಬಿಡಿಸಿದ ಸಿನಿಮಾಕ್ಕೆ ಮಾತ್ರ. ನೀವು ಅನಿಮೇಶನ್ ಎನ್ನುತ್ತೀರಿ, ನಮ್ಮ ಮನೆಯಲ್ಲಿ ಕಾರ್ಟೂನ್ ಎನ್ನುತ್ತಾರೆ. ಕೊನೆಯಲ್ಲಿ ಹೆಸರುಗಳು ಕೆಳಗಿನಿಂದ ಮೇಲಕ್ಕೆ ಹೋಗುತ್ತವಲ್ಲ, ಅವನ್ನು ಒಂದೂ ಬಿಡದೆ ಓದುವುದು ನನ್ನ ಚಟ. ನೀರು ಬಿಡಿಸಿದವರು ಇಷ್ಟು ಜನ, ಕೂದಲು ಬಿಡಿಸಿದವರು ಇಷ್ಟು ಜನ, ನೆರಳಿಗೆ ಬೇರೆಯೇ ಒಂದು ಗುಂಪು! ಕುಂದಾಪುರದ ಥಿಯೇಟರಿನಲ್ಲಿ ಕಸ ಗುಡಿಸುವ ಹೆಂಗಸಿಗೆ ಈಗ ನನ್ನ ಗುರುತು ಹತ್ತಿಬಿಟ್ಟಿದೆ. ಹಿಡಿಸೂಡಿ ಹಿಡಿದು ನಿಂತು, "ಹ್ವಾಯ್ ಮಾಷ್ಟ್ರೆ, ಆಯ್ತಲ್ದಾ, ಮನಿಗ್ ಹೋಯ್ನಿ. ಅದ್ರಗ್ ನಿಮ್ ಹೆಸ್ರೂ ಬತ್ತಾ?" ಎಂದು ಕೇಳುತ್ತಾಳೆ. ಒಮ್ಮೆ ತಡೆಯಲಾರದೆ ನನ್ನ ಕಾಲಡಿಯನ್ನೇ ಗುಡಿಸಿದಳು. ನಾನು ಕಾಲೆರಡನ್ನೂ ಮೇಲೆತ್ತಿ ಓದು ಮುಂದುವರಿಸಿದೆ.

ನನಗೆ ಐವತ್ತೆರಡು. ಬ್ರಹ್ಮಾವರದ ಹತ್ತಿರ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಈ ಪ್ರಾಯದ ಗಣಿತದ ಮಾಷ್ಟ್ರು ಕಾರ್ಟೂನ್ ನೋಡುತ್ತಾರೆ ಎಂದರೆ ಊರಿನಲ್ಲಿ ಮರ್ಯಾದೆ ಎಲ್ಲಿ ಉಳಿಯುತ್ತದೆ ಹೇಳಿ? ಗುಟ್ಟಾಗಿ ಇಡಬೇಕೆಂದುಕೊಂಡಿದ್ದೆ. ಒಂದು ದಿನ ಕ್ಲಾಸಿಗೆ ಹೋದರೆ ಬೋರ್ಡಿನ ಮೇಲೆ ಕನ್ನಡಕ ಹಾಕಿದ ಒಂದು ಬೆಕ್ಕು ಪ್ರಮೇಯ ಬಿಡಿಸುತ್ತಿತ್ತು. ಯಾರು ಬರೆದದ್ದೆಂದು ನಾನು ಕೇಳಲಿಲ್ಲ. ಬಾಲ ಬಹಳ ಚೆಂದ ಬಂದಿತ್ತು.

ಹಾಗಂತ ಹುಟ್ಟಿನಿಂದಲೇ ಈ ಹುಚ್ಚೆಂದು ತಿಳಿಯಬೇಡಿ. ನಾನು ಹುಡುಗನಾಗಿದ್ದಾಗ ನಮ್ಮ ವಠಾರಕ್ಕೆಲ್ಲ ಒಂದೇ ಟಿವಿ, ಅದೂ ಕಪ್ಪು ಬಿಳುಪು, ಅದೂ ಆಂಟೆನಾ ತಿರುಗಿಸಲು ಒಬ್ಬ ಮಾಡಿನ ಮೇಲಿದ್ದರೆ ಮಾತ್ರ. ಆ ಒಬ್ಬ ಯಾವಾಗಲೂ ನಾನೇ. ಕೆಳಗೆ ಎಲ್ಲರೂ ಹೋ ಎಂದು ನಗುವುದು ಕೇಳುತ್ತಿತ್ತು. ಇಳಿದು ಬರುವಷ್ಟರಲ್ಲಿ ಮುಗಿದಿರುತ್ತಿತ್ತು. ಇಣುಕಿ ಕಂಡದ್ದಿಷ್ಟೇ: ಒಂದು ಪ್ರಾಣಿ ಓಡುತ್ತದೆ, ಬೀಳುತ್ತದೆ, ಹಪ್ಪಳವಾಗುತ್ತದೆ, ಎದ್ದು ಮತ್ತೆ ಓಡುತ್ತದೆ. ಕಾರ್ಟೂನ್ ಎಂದರೆ ಬೀಳುವುದು ಮತ್ತು ಏಳುವುದು ಎಂದು ಆಗಲೇ ತೀರ್ಮಾನ ಮಾಡಿಬಿಟ್ಟೆ. ಆ ತೀರ್ಮಾನವನ್ನು ಮೂವತ್ತಕ್ಕೂ ಹೆಚ್ಚು ವರ್ಷ ಬಹಳ ಜೋಪಾನವಾಗಿ ಇಟ್ಟುಕೊಂಡಿದ್ದೆ.

ಅದನ್ನು ಮುರಿದವಳು ನನ್ನ ಅಕ್ಕನ ಮಗಳು ಮೈತ್ರಿ. ಆಗ ಅವಳು ಒಂಬತ್ತನೇ ಕ್ಲಾಸು. ಒಂದು ಮಧ್ಯಾಹ್ನ ನನ್ನ ಮುಂದೆ ಲ್ಯಾಪ್‌ಟಾಪ್ ತಂದಿಟ್ಟು, "ಚಿಕ್ಮಾವ, ಇದೊಂದ್ ಕಾಣಿ. ಹತ್ತೇ ನಿಮಿಷ ಕಾಣಿ. ಬ್ಯಾಡ ಅಂದ್ರೆ ಬಂದ್ ಮಾಡ್ವ," ಎಂದಳು. ಸಿನಿಮಾದ ಹೆಸರು ನಾನು ಹೇಳುವುದಿಲ್ಲ. ಹೇಳಿದರೆ ನೀವು ಈಗಲೇ ಫೋನು ತೆಗೆದು ಹುಡುಕುತ್ತೀರಿ, ನನ್ನ ಕತೆ ಅರ್ಧಕ್ಕೆ ನಿಲ್ಲುತ್ತದೆ. ಅದರಲ್ಲಿ ಒಬ್ಬಳು ಮುದುಕಿ ನೆಲದಿಂದ ಏಳುತ್ತಾಳೆ. ಅಷ್ಟೇ. ಮೊದಲು ಒಂದು ಕೈ ನೆಲಕ್ಕೆ ಊರುತ್ತಾಳೆ, ಸ್ವಲ್ಪ ಯೋಚಿಸುತ್ತಾಳೆ, ಇನ್ನೊಂದು ಕೈ ಮೊಣಕಾಲ ಮೇಲೆ ಇಡುತ್ತಾಳೆ, ಎದ್ದ ಮೇಲೆ ಎಂತಕ್ಕೆ ಎದ್ದದ್ದೆಂದು ಮರೆತು ಒಂದು ಗಳಿಗೆ ಹಾಗೇ ನಿಲ್ಲುತ್ತಾಳೆ. ನಾನು ಬಾಯಿ ಬಿಟ್ಟುಕೊಂಡು ಕೂತೆ. ನಿಜವಾದ ಮುದುಕಿಯರು ಏಳುವುದನ್ನು ನಾನು ಸಾವಿರ ಸಲ ಕಂಡಿರಬೇಕು, ಒಮ್ಮೆಯೂ ನೋಡಿರಲಿಲ್ಲ. ಇದನ್ನು ಬಿಡಿಸಿದವರು ನೋಡದೆ ಬಿಡಿಸಲು ಸಾಧ್ಯವೇ ಇರಲಿಲ್ಲ. ಒಂದೊಂದು ಗೆರೆಗೂ ಯಾರೋ ಎಲ್ಲೋ ಒಬ್ಬ ಮುದುಕಿಯ ಎದುರು ಕೂತಿದ್ದರು! ಹತ್ತು ನಿಮಿಷಕ್ಕೆಂದು ಕೂತವನು ಪೂರ್ತಿ ನೋಡಿದೆ, ಮತ್ತೆ ಮೊದಲಿನಿಂದ ನೋಡಿದೆ, ಆ ಸಂಜೆ ಟ್ಯೂಷನ್ನಿಗೆ ಬಂದ ಮಕ್ಕಳನ್ನು ವಾಪಸು ಕಳಿಸಿದೆ.

ಆಮೇಲೆ ನನ್ನ ಗತಿ ಕೇಳಬೇಡಿ. ಮಣ್ಣಿನ ಗೊಂಬೆಯನ್ನು ಕೂದಲೆಳೆಯಷ್ಟು ಸರಿಸಿ ಸರಿಸಿ ಫೋಟೋ ತೆಗೆದು ಮಾಡಿದ್ದೊಂದು ನೋಡಿದೆ. ಗೊಂಬೆಯ ಕೆನ್ನೆಯ ಮೇಲೆ ಮಾಡಿದವನ ಹೆಬ್ಬೆಟ್ಟಿನ ಗುರುತು ಹಾಗೇ ಇತ್ತು. ಇನ್ನೊಂದರಲ್ಲಿ ಮಾತೇ ಇಲ್ಲ, ಒಂದು ನಾಯಿ ಯಜಮಾನನನ್ನು ಕಾಯುತ್ತದೆ, ಕಿವಿ ಮಾತ್ರ ಅಲ್ಲಾಡುತ್ತದೆ, ನಾನು ಗೊಳೋ ಎಂದು ಅತ್ತೆ. ಸಿನಿಮಾ ಬಿಟ್ಟು ಹೊರಗೆ ಬಂದರೂ ಬಿಡುಗಡೆಯಿಲ್ಲ. ಬಸ್ಸು ತಿರುವಿನಲ್ಲಿ ಓಲಿದಾಗ ಕಂಡಕ್ಟರ್ ಎಲ್ಲಿಯೂ ಹಿಡಿಯದೆ ಮೊಣಕಾಲು ಎಷ್ಟು ಮಡಚುತ್ತಾನೆ, ಮೀನಿನ ಬುಟ್ಟಿ ಇಳಿಸುವಾಗ ಹೆಂಗಸರು ಮೊದಲು ಯಾವ ಭುಜ ಕೆಳಗೆ ಮಾಡುತ್ತಾರೆ, ಎಲ್ಲವೂ ಕಣ್ಣಿಗೆ ಬೀಳತೊಡಗಿತು. ಹಾಲಾಡಿಯ ಜಂಕ್ಷನ್ನಿನಲ್ಲಿ ಒಬ್ಬ ಸ್ಕೂಟರಿಗೆ ಕಿಕ್ ಹೊಡೆಯುವುದನ್ನು ನೋಡುತ್ತಾ ನಿಂತು ನನ್ನ ಬಸ್ಸನ್ನೇ ಬಿಟ್ಟೆ. ಅವನ ಸ್ಕೂಟರು ಹತ್ತೊಂಬತ್ತನೇ ಕಿಕ್ಕಿಗೆ ಸ್ಟಾರ್ಟ್ ಆಯಿತು, ಪ್ರತಿ ಕಿಕ್ಕಿಗೂ ಅವನ ಮುಖ ಬೇರೆ ಬೇರೆ! ಕೊನೆಗೆ ಅವನೇ, "ಎಂತ ಮಾಷ್ಟ್ರೆ, ದೂಡೂಕ್ ಬತ್ರ್ಯಾ?" ಎಂದು ಕೇಳಿದ.

ನನಗೆ ಆಶ್ಚರ್ಯವಾಗುವುದು ನಮ್ಮ ಕಡೆಯವರ ಮೇಲೆ. ಯಕ್ಷಗಾನದಲ್ಲಿ ಅಕ್ಕಿ ಹಿಟ್ಟಿನ ಚುಟ್ಟಿ ಇಟ್ಟು, ಮುಖವೆಲ್ಲ ಬಣ್ಣ ಬಳಿದು, ತಲೆಗಿಂತ ದೊಡ್ಡ ಕಿರೀಟ ಕಟ್ಟಿದವನು ರಂಗಸ್ಥಳಕ್ಕೆ ಹಾರಿ ಬಂದರೆ ಇವನೇ ರಾಕ್ಷಸ ಎಂದು ಎರಡು ಮಾತಿಲ್ಲದೆ ಒಪ್ಪುವ ಜನ ನಾವು. ನಿನ್ನೆ ಸಂಜೆ ಅವನೇ ಪೇಟೆಯಲ್ಲಿ ಬೀಡಿ ಕಟ್ಟು ತೆಗೆದುಕೊಂಡದ್ದನ್ನು ಕಂಡಿದ್ದರೂ ಒಪ್ಪುತ್ತೇವೆ. ಅಂಥ ನಾವು ಕಾಗದದ ಮೇಲಿನ ಬಣ್ಣ ಅಲ್ಲಾಡಿದರೆ ಮಾತ್ರ, "ಅದ್ ಮಕ್ಕಳ್ ಕಾಂಬ್ದ್," ಎಂದು ಎದ್ದು ಹೋಗುತ್ತೇವೆ.

ಹೀಗೆ ಎದ್ದು ಹೋಗುವವರಲ್ಲಿ ಮೊದಲನೆಯವನು ನನ್ನ ಅಣ್ಣ ರಘುರಾಮ. ನನಗಿಂತ ಹನ್ನೆರಡು ವರ್ಷ ದೊಡ್ಡವನು. ಸಣ್ಣ ಪ್ರಾಯದಲ್ಲೇ ಮುಂಬೈಗೆ ಹೋಗಿ, ಹೋಟೆಲಿನಲ್ಲಿ ಲೋಟ ತೊಳೆದು, ಆಮೇಲೆ ದೋಸೆ ಹೊಯ್ದು, ಆಮೇಲೆ ಸ್ವಂತ ಹೋಟೆಲು ನಡೆಸಿ, ಈಗ ಕೋಟದ ಬಸ್ ಸ್ಟಾಪಿನ ಎದುರು ಒಂದು ಸಣ್ಣ ಹೋಟೆಲು ಇಟ್ಟಿದ್ದಾನೆ. ಕೆಲಸಕ್ಕೆ ಜನ ಇದ್ದರೂ ಬೆಳಗಿನ ನೀರುದೋಸೆ ಅವನೇ ಹೊಯ್ಯಬೇಕು. ಬೇರೆಯವರು ಹೊಯ್ದರೆ ಅವನಿಗೆ ಹೊಟ್ಟೆ ಉರಿ.

ನಮ್ಮದು ಅಳಿಯಕಟ್ಟಿನ ಮನೆತನ. ಕಾನೂನು ಯಾವತ್ತೋ ಹೋಯಿತು, ಅಭ್ಯಾಸ ಹೋಗಿಲ್ಲ. ಮಕ್ಕಳ ವಿಷಯದಲ್ಲಿ ಅಪ್ಪನಿಗಿಂತ ಸೋದರಮಾವನ ಮಾತು ಮೇಲೆ. ಹಾಗಾಗಿ ಪಿಯುಸಿ ಮುಗಿದ ಮೇಲೆ ಮೈತ್ರಿ ತಾನು ಮಂಗಳೂರಿಗೆ ಹೋಗಿ ಅನಿಮೇಶನ್ ಕಲಿಯುತ್ತೇನೆ ಎಂದಾಗ ಅವಳ ಅಪ್ಪ, ನಮ್ಮ ಭಾವ, "ದೊಡ್ಮಾವ ಹೂಂ ಅಂದ್ರೆ ಸೈ," ಎಂದು ಪೇಪರಿನ ಹಿಂದೆ ಮುಖ ಮರೆಸಿಕೊಂಡರು. ನೀವು ಕೇಳಬಹುದು, ನೀನೂ ಸೋದರಮಾವನಲ್ಲವೇ ಎಂದು. ಹೌದು. ಆದರೆ ಕಾರ್ಟೂನ್ ನೋಡುವ ಸೋದರಮಾವ. ನನ್ನ ಹೂಂ ಲೆಕ್ಕಕ್ಕಿಲ್ಲ.

ಅಣ್ಣ ಉಹೂಂ ಎಂದ. "ಕಾರ್ಟೂನ್ ಅಂದ್ರೆ ಎಂತ? ನಮ್ ಹೋಟ್ಲಗ್ ಅಮ್ಮಂದಿರ್ ಮಕ್ಕಳ್ ಬಾಯಿಗ್ ಇಡ್ಲಿ ತುರ್ಕೂಕೆ ಫೋನಗ್ ಹಾಕ್ತ್ರ್ ಕಾಣ್, ಅದ್. ಅದನ್ನ ಮೂರ್ ವರ್ಷ ಕಲೀಕಾ? ಬಿ.ಕಾಂ. ಸೇರ್ಲಿ."

"ಬಿ.ಕಾಂ. ಸೇರ್ದ್ರೂ ನಾನ್ ಬಿಡ್ಸೂದೇ," ಎಂದಳು ಮೈತ್ರಿ. ಅಳಲಿಲ್ಲ, ಕೂಗಲಿಲ್ಲ. ಆದರೆ ಒಳಗೆ ಹೋಗಿ ಊಟ ಮಾಡದೆ ಮಲಗಿದಳು ಎಂದು ಅಕ್ಕ ಫೋನು ಮಾಡಿ ಹೇಳಿದಳು. ಅರ್ಜಿ ಹಾಕಲು ಹದಿನೈದು ದಿನ ಇತ್ತು.

ನಾನು ಸುಮ್ಮನಿರಲಿಲ್ಲ. ಸುಮ್ಮನಿರುವ ಜಾತಿಯೇ ನನ್ನದಲ್ಲ. ಅಣ್ಣನಿಗೆ ಒಂದು ಒಳ್ಳೆಯ ಸಿನಿಮಾ ತೋರಿಸಿದರೆ ಸಾಕು, ನನಗೆ ಆದದ್ದು ಅವನಿಗೂ ಆಗುತ್ತದೆ ಎಂದು ಲೆಕ್ಕ ಹಾಕಿದೆ. ಭಾನುವಾರ ಮಧ್ಯಾಹ್ನ ಊಟದ ಗಿರಾಕಿ ಮುಗಿದು ಸಂಜೆಯ ತಿಂಡಿ ಶುರುವಾಗುವ ಮುಂಚೆ ಅವನಿಗೆ ಎರಡು ಗಂಟೆ ಪುರುಸೊತ್ತು. ಅವನ ಮನೆಯ ಟಿವಿಗೆ ಪೆನ್ ಡ್ರೈವ್ ಸಿಕ್ಕಿಸಿದೆ. ಆರಿಸಿದ್ದೂ ಬುದ್ಧಿವಂತಿಕೆಯಿಂದಲೇ, ಯಾವುದೋ ದೇಶದ ಬೆಟ್ಟದೂರಿನಲ್ಲಿ ಸೂಪು ಮಾರುವ ಒಬ್ಬ ಹೆಂಗಸಿನ ಕತೆ. ಮೈತ್ರಿ ಅಡುಗೆಮನೆಯಲ್ಲಿ ಅತ್ತಿಗೆಯ ಜೊತೆ ಇದ್ದಳು.

ಮೊದಲ ಕಾಲು ಗಂಟೆ ಅಣ್ಣ ಗೊರಕೆ ಹೊಡೆದ. ನಾನು ವಾಲ್ಯೂಮ್ ಹೆಚ್ಚಿಸಿದೆ. ಕಣ್ಣು ಬಿಟ್ಟ. ಆಗ ಸರಿಯಾಗಿ ಆ ಹೆಂಗಸು ಕುದಿಯುವ ಪಾತ್ರೆಯ ಮುಚ್ಚಳ ತೆಗೆಯುತ್ತಿದ್ದಳು. ಅಣ್ಣ ಧಡಕ್ಕನೆ ಎದ್ದು ಕೂತ.

"ಹ್ವಾಯ್! ಹಿಂದ್ ಹಾಕ್, ಹಿಂದ್ ಹಾಕ್!"

ಹಿಂದೆ ಹಾಕಿದೆ.

"ಕಂಡ್ಯಾ? ಮುಚ್ಲ್ ತೆಗೂಕ್ ಮೊದ್ಲೇ ಮುಖ ಆಚಿಗ್ ತಿರ್ಗ್ಸಿತ್! ಹಬಿ ಬಡೀತ್ ಅಂದೇಳಿ ಅದ್ಕ್ ಗೊತ್ತಿತ್ತ್. ಇದ್ ಬರ್ದವ ಒಲಿ ಬುಡ್ದಗೆ ನಿಂತವ ಮಾರಾಯ. ಬರಾಬರ್ ನಿಂತವ! ಇನ್ನೊಂದ್ಸಲ ಹಾಕ್."

ನಾಲ್ಕು ಸಲ ಹಾಕಿಸಿದ. ಆಮೇಲೆ ಸಿನಿಮಾದುದ್ದಕ್ಕೂ ಆ ಹೆಂಗಸಿಗೆ ಸಲಹೆ ಕೊಡತೊಡಗಿದ. ಸೌಟು ಹೀಗೆ ಹಿಡಿ, ಬೆಂಕಿ ಸಣ್ಣ ಮಾಡು, ಆ ಗಿರಾಕಿಗೆ ಇನ್ನು ಕೊಡಬೇಡ. ಒಂದು ಕಡೆ ಉಕ್ಕಿ ಚೆಲ್ಲುವುದರಲ್ಲಿತ್ತು, ಸೋಫಾದಿಂದಲೇ, "ಇಳ್ಸ್! ಇಳ್ಸ್!" ಎಂದು ಕೂಗಿದ. ಒಳಗೆ ಅತ್ತಿಗೆ ತನ್ನ ಹಾಲಿನ ಪಾತ್ರೆ ಇಳಿಸಿಬಿಟ್ಟರು. ನನಗೆ ಖುಷಿಯೋ ಖುಷಿ. ಗೆದ್ದೆ ಎಂದುಕೊಂಡೆ!

ಅಲ್ಲಿಗೆ ನಿಲ್ಲಿಸಿದ್ದರೆ ಈ ಕತೆ ಒಂದು ಭಾನುವಾರಕ್ಕೆ ಮುಗಿಯುತ್ತಿತ್ತು. ಆದರೆ ಸಂತೋಷ ಬಂದಾಗ ನನಗೆ ಬುದ್ಧಿ ಇರುವುದಿಲ್ಲ. ಮೈತ್ರಿ ತಾನೇ ಮಾಡಿದ ಹನ್ನೆರಡು ಸೆಕೆಂಡಿನ ಒಂದು ತುಣುಕನ್ನು ನನಗೆ ಕಳಿಸಿದ್ದಳು. ಅರ್ಜಿಯ ಜೊತೆ ಕಳಿಸಬೇಕಾದದ್ದು. ಸೆಕೆಂಡಿಗೆ ಹನ್ನೆರಡು ಚಿತ್ರ, ಒಟ್ಟು ನೂರ ನಲವತ್ತನಾಲ್ಕು ಹಾಳೆ, ಒಂದೊಂದೂ ಕೈಯಲ್ಲೇ ಬಿಡಿಸಿ ಫೋನಿನಲ್ಲಿ ಫೋಟೋ ತೆಗೆದದ್ದು. ನೀರುದೋಸೆ ಹೊಯ್ಯುವುದರದ್ದು. "ಇನ್ನೂ ಸಮಾ ಆಯ್ಲಿಲ್ಲೆ, ಯಾರಿಗೂ ತೋರ್ಸ್ಬೇಡಿ," ಎಂದು ಹೇಳಿದ್ದಳು. ನಾನು ಫೋನು ತೆಗೆದು, "ಅಣ್ಣಾ, ಇದ್ ಕಾಣ್, ನಮ್ ಹೆಣ್ಣ್ ಮಾಡ್ದ್!" ಎಂದು ಅವನ ಮೂಗಿಗೆ ಹಿಡಿದೆ.

ಕಾವಲಿ ಬಂತು. ಹಿಟ್ಟು ಬಂತು. ತೂತು ತೂತಾಗಿ ದೋಸೆ ಬಂತು. ಆಮೇಲೆ ಒಂದು ಕೈ ಸಟ್ಟುಗ ಹಾಕಿ ದೋಸೆಯನ್ನು ಗಾಳಿಗೆ ಹಾರಿಸಿ, ಪಲ್ಟಿ ಹೊಡೆಸಿ, ಮಗುಚಿ ಹಾಕಿತು.

ಅಣ್ಣನ ಮುಖ ಇಳಿಯಿತು. "ನೀರ್ ದ್ವಾಸಿ ಮಗ್ಚಿತಾ?" ಎಂದ. ದನಿ ಬಹಳ ಸಣ್ಣಗಿತ್ತು. "ನೀರ್ ದ್ವಾಸಿನ ಯಾರಾರೂ ಮಗ್ಚುದಿತ್ತಾ?"

ಅಯ್ಯಬ್ಬ! ಐವತ್ತು ವರ್ಷದಿಂದ ತಿನ್ನುತ್ತಿದ್ದೇನೆ. ನೀರುದೋಸೆಯನ್ನು ಮಗುಚುವುದಿಲ್ಲ, ಮುಚ್ಚಳ ಮುಚ್ಚಿ ಬೇಯಿಸಿ ಮಡಚಿ ತೆಗೆಯುವುದು. ಅದೇ ತುಣುಕನ್ನು ಇಪ್ಪತ್ತು ಸಲ ನೋಡಿ, "ಭಾರಿ ಲಾಯ್ಕ್ ಬಂತ್ ಮಗಾ," ಎಂದು ಶಭಾಸ್‌ಗಿರಿ ಕೊಟ್ಟಿದ್ದೆ. ನನಗೆ ಹೊಳೆಯಲಿಲ್ಲ. ಪರದೆಯ ಮೇಲೆ ಯಾವ ದೋಸೆ ಬಂದರೂ ಹಾರುತ್ತದೆ, ಇದೂ ಹಾರಿತು, ನಾವಿಬ್ಬರೂ ಚೆಂದ ಎಂದುಕೊಂಡೆವು.

"ಆ ಊರಿನವ ಅಷ್ಟ್ ದೂರ್ದಗ್ ಕೂಕಂಡ್ ಹಬಿ ಕಂಡ. ಇದ್ ಮಾವನ್ ಹೋಟ್ಲಗೆ ದ್ವಾಸಿ ತಿಂದ್ ಬೆಳೆದ್ ಹೆಣ್ಣ್, ದ್ವಾಸಿ ಕಾಣ್ಲಿಲ್ಲೆ. ಕಾಂಬೂಕೇ ಬಾರದ್ದ್ ಬಿಡ್ಸೂಕ್ ಎಂತಕ್ ಹೋಯ್ಕ್? ಸಾಕ್ ಮಾರಾಯ, ಬಂದ್ ಮಾಡ್," ಎಂದು ಅಣ್ಣ ಟವೆಲು ಕೊಡವಿ ಹೋಟೆಲಿಗೆ ಹೊರಟ.

ಬಾಗಿಲಲ್ಲಿ ಮೈತ್ರಿ ನಿಂತಿದ್ದಳು. ಎಲ್ಲ ಕೇಳಿಸಿಕೊಂಡಿದ್ದಳು. "ಚಿಕ್ಮಾವ, ತೋರ್ಸ್ಬೇಡಿ ಅಂದಿದ್ನಲೆ," ಎಂದಳು ಅಷ್ಟೇ. ಬಯ್ದಿದ್ದರೆ ಒಳ್ಳೆಯದಿತ್ತು. ಆ ದಿನ ಬಸ್ಸಿನಲ್ಲಿ ಬರುವಾಗ ನಾನು ಕಂಡಕ್ಟರನ ಮೊಣಕಾಲನ್ನೂ ನೋಡಲಿಲ್ಲ. ಒಂದು ಹೆಣ್ಣಿನ ಬದುಕಿಗೆ ಕಲ್ಲು ಹಾಕಿದೆನಲ್ಲ ಎಂದು ಕೂತಲ್ಲೇ ಹಣೆ ಚಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಅಕ್ಕನ ಫೋನು. "ಹೆಣ್ಣ್ ಮನೆಗಿಲ್ಲೆ ಮಾರಾಯ! ಫಸ್ಟ್ ಬಸ್ಸಿಗೆ ಅಣ್ಣನ್ ಹೋಟ್ಲಿಗ್ ಹೋಯ್ತ್, ಪಟ್ಟಿ ಪೆನ್ಸಿಲ್ ಹಿಡ್ಕಂಡ್."

ಶಾಲೆಗೆ ಹೋಗುವ ಮುಂಚೆ ನಾನೂ ಕೋಟಕ್ಕೆ ಓಡಿದೆ. ಅಡುಗೆಮನೆಯಲ್ಲಿ ಗ್ರೈಂಡರಿಗೂ ಗೋಡೆಗೂ ನಡುವೆ, ಬೆವರು ಸುರಿಸಿಕೊಂಡು, ಮೊಣಕಾಲ ಮೇಲೆ ಚಿತ್ರ ಬಿಡಿಸುವ ಪುಸ್ತಕ ಇಟ್ಟು ಕೂತಿದ್ದಳು. ಅಣ್ಣ ಅವಳನ್ನು ಕಾಣದವನ ಹಾಗೆ ದೋಸೆ ಹೊಯ್ಯುತ್ತಿದ್ದ. ಎರಡನೇ ದಿನವೂ ಹಾಗೇ. ಮೂರನೇ ದಿನ, ಕಾವಲಿಯಿಂದ ಕಣ್ಣು ತೆಗೆಯದೆ, "ಅಲ್ ಕೂಕಂಡ್ರೆ ಕೈ ಕಾಣ್ತಿಲ್ಲೆ. ಇತ್ಲಾಗ್ ಬಾ," ಎಂದ.

ಅಬ್ಬಾ, ನನಗೆ ಅಲ್ಲೇ ಕುಣಿಯಬೇಕೆನಿಸಿತು! ಕುಣಿದರೆ ಮತ್ತೇನಾದರೂ ಹಾಳು ಮಾಡುತ್ತೇನೆಂದು ಚಟ್ನಿಯ ಪಾತ್ರೆಯ ಹತ್ತಿರ ತೆಪ್ಪಗೆ ನಿಂತೆ.

ನಾಲ್ಕನೇ ದಿನದಿಂದ ಪಾಠ ಶುರು. ಹಿಟ್ಟು ಎಷ್ಟು ನೀರಿರಬೇಕು, ಕಾವಲಿಯ ಅಂಚಿನಿಂದ ನಡುವಿಗೆ ಹೇಗೆ ಚೆಲ್ಲಬೇಕು, ಚುಂಯ್ ಎನ್ನುವ ಶಬ್ದ ಯಾವಾಗ ನಿಲ್ಲಬೇಕು. ಮೈತ್ರಿ, "ದೊಡ್ಮಾವ, ಒಂದ್ಸಲ ನಿಧಾನ ಹೊಯ್ನಿ, ಕೈ ಕಾಣ್ಕ್," ಎಂದಳು. ಅಣ್ಣ ನಿಧಾನವಾಗಿ ಹೊಯ್ದ. ದಪ್ಪಗೆ ಮುದ್ದೆಯಾಯಿತು. "ಕಾಣ್, ಇದ್ ದ್ವಾಸಿ ಅಲ್ಲ, ಕಂಬ್ಳಿ. ನಿಧಾನ ಆತ್ತಿಲ್ಲೆ ಮಗಾ. ನೀನೇ ಬೇಗ ಕಾಣ್ಕ್," ಎಂದು ನಕ್ಕ. ಆ ಕಂಬಳಿಯನ್ನು ನನಗೆ ತಿನ್ನಿಸಿದರು. ಒಂದು ವಾರದಲ್ಲಿ ನಾನು ತಿಂದ ಕಂಬಳಿಗಳ ಸಂಖ್ಯೆ ಹೇಳಿದರೆ ನೀವು ನಂಬಲಿಕ್ಕಿಲ್ಲ. ಆದರೆ ಹೂಂ ಎನ್ನುವ ಮಾತು ಅವನ ಬಾಯಿಂದ ಬರಲಿಲ್ಲ. ಕೇಳುವ ಧೈರ್ಯ ನನಗೂ ಇರಲಿಲ್ಲ.

ಆಮೇಲೆ ಮೂರು ದಿನ ಅವಳು ಬರಲಿಲ್ಲ. ಮನೆಯಲ್ಲಿ ಕೂತು ಮತ್ತೆ ಮೊದಲಿನಿಂದ ಬಿಡಿಸಿದಳು. ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಎಂಟು ಗಂಟೆಗೆ ಹೋಟೆಲಿಗೆ ಬಂದಳು. ತುಂಬ ಗಿರಾಕಿ. ಗೋಡೆಯ ಟಿವಿಯಲ್ಲಿ ಯಾರೋ ವಾರ್ತೆ ಓದುತ್ತಿದ್ದರು. ಅವರನ್ನು ನಿಲ್ಲಿಸಿ ಪೆನ್ ಡ್ರೈವ್ ಹಾಕಿದಳು. "ದೊಡ್ಮಾವ, ಹೊರ್ಗೆ ಬನ್ನಿ," ಎಂದು ಕರೆದಳು. ಅಣ್ಣ ಕೈಯಲ್ಲಿ ಸಟ್ಟುಗ ಹಿಡಿದುಕೊಂಡೇ ಬಂದ.

ಬನಿಯನ್ನು ಹಾಕಿದ ಒಂದು ಬೆನ್ನು ಬಂತು. ಹೆಗಲ ಮೇಲೆ ಟವೆಲು. "ಹೋ, ರಘುರಾಮಣ್ಣ!" ಎಂದು ಒಬ್ಬ ಕೂಗಿದ. ಬೆನ್ನು ಒಂದಿಷ್ಟು ಮುಂದೆ ಬಾಗಿತು, ಎಡಗಾಲು ಊರಿತು, ಕೈ ಹಿಟ್ಟು ಚೆಲ್ಲಿತು. ತೂತುಗಳು ಅಂಚಿನಿಂದ ಒಳಗೆ ಒಂದೊಂದಾಗಿ ತೆರೆದವು. ಮುಚ್ಚಳ. ಹಬೆ. ಮುಚ್ಚಳ ತೆಗೆಯುವ ಮುಂಚೆ ಮುಖ ಆಚೆಗೆ, ನಮ್ಮ ಕಡೆ ತಿರುಗಿತು. ದೋಸೆ ಒಂದು ಮಡಿಕೆ, ಎರಡು ಮಡಿಕೆ. ಎಲ್ಲಿಯೂ ಹಾರಲಿಲ್ಲ. ದೋಸೆ ತೆಗೆದ ಬೆರಳು ಸುಟ್ಟಂತಾಗಿ ಬಲಗಿವಿಯ ತುದಿಯನ್ನು ಹಿಡಿಯಿತು, ಕಣ್ಣು ಒಂದು ಚಣ ಮುಚ್ಚಿತು, ತುಟಿ ಒಂದೇ ಬದಿಗೆ ಸೊಟ್ಟಗಾಯಿತು. ಮುಗಿಯಿತು.

ಗಿರಾಕಿಗಳು ಬಾಯಲ್ಲಿ ತುತ್ತಿಟ್ಟುಕೊಂಡೇ ಮೇಜು ಬಡಿದರು.

"ಸಮಾ ಇತ್ತ್," ಎಂದ ಅಣ್ಣ, "ಆರೆ ಕಿವಿ ಹಿಡ್ಕಂಬ್ದ್ ಎಂತಕ್ ಹಾಕ್ದೆ? ನಾನ್ ಹಾಂಗ್ ಮಾಡ್ತಿಲ್ಲೆ."

"ಮಾಡ್ತ್ರಿ!" ಎಂದಿತು ಇಡೀ ಹೋಟೆಲು. ಮೂಲೆಯ ಮೇಜಿನ ಅಜ್ಜನೊಬ್ಬ, "ದ್ವಾಸಿಗೊಂದ್ಸಲ ನೀ ಮಾಡ್ತೆ ಮಾರಾಯ, ನಾ ದಿನಾ ಕಾಣ್ತೆ," ಎಂದ.

ಅಣ್ಣ ತನ್ನ ಕೈ ನೋಡಿಕೊಂಡ. "ಇನ್ನೊಂದ್ಸಲ ಹಾಕ್," ಎಂದ. ಮೈತ್ರಿ ಹಾಕಿದಳು. ಕಿವಿಯ ಹತ್ತಿರ ಬಂದಾಗ ಅವನು, "ನಿಲ್ಸ್," ಎಂದ. ಕಣ್ಣು ಮುಚ್ಚಿ, ತುಟಿ ಸೊಟ್ಟ ಮಾಡಿ, ಕಿವಿ ಹಿಡಿದ ಮುಖ ಟಿವಿಯಲ್ಲಿ ನಿಂತಿತು.

"ಅಮ್ಮ," ಎಂದ ಅಣ್ಣ.

ಹೌದು, ಅಮ್ಮ. ನಾನು ಹತ್ತು ವರ್ಷದವನಿದ್ದಾಗ ತೀರಿಹೋದ ನಮ್ಮ ಅಮ್ಮ. ಅವಳದ್ದೆಂದು ಇರುವುದು ಯಾರದೋ ಮದುವೆಯ ಒಂದು ಫೋಟೋ, ಅದರಲ್ಲೂ ಮುಂದಿನವರ ತಲೆ ಅಡ್ಡ ಬಂದು ಅರ್ಧ ಮುಖ. ಅವಳು ಹೇಗಿದ್ದಳೆಂದು ನೆನೆಸಿಕೊಳ್ಳಲು ನಾನು ಎಷ್ಟೋ ವರ್ಷ ಒದ್ದಾಡಿ ಬಿಟ್ಟುಬಿಟ್ಟಿದ್ದೆ. ಒಲೆಯ ಮುಂದೆ ಕೂತು, ದೋಸೆ ಮಡಚಿ ನನ್ನ ತಟ್ಟೆಗೆ ಹಾಕಿ, ಬೆರಳನ್ನು ಕಿವಿಗೆ ಒತ್ತಿ, ಹೀಗೇ, ಸರಿಯಾಗಿ ಹೀಗೇ ತುಟಿ ಸೊಟ್ಟ ಮಾಡುತ್ತಿದ್ದಳು. ಅದು ಅಣ್ಣನ ಕೈಗೆ ಬಂದದ್ದು ಅಣ್ಣನಿಗೇ ಗೊತ್ತಿರಲಿಲ್ಲ. ಜಗತ್ತಿನ ಮುದುಕಿಯರು ಏಳುವುದನ್ನು ನೋಡುತ್ತೇನೆಂದು ಕೊಚ್ಚಿಕೊಳ್ಳುವ ನನಗೂ ಕಂಡಿರಲಿಲ್ಲ. ಅಮ್ಮನನ್ನು ಒಮ್ಮೆಯೂ ನೋಡದ ಈ ಹೆಣ್ಣು ಪೆನ್ಸಿಲಿನಲ್ಲಿ ಅವಳನ್ನು ಬಿಡಿಸಿಟ್ಟಿತ್ತು. ನನಗೆ ಅಳು ಬಂತು, ಅತ್ತೆ. ನಾಚಿಕೆಯೇನೂ ಆಗಲಿಲ್ಲ.

ಅಣ್ಣ ಅಳಲಿಲ್ಲ. ಮುಂದಿನ ಬೆಂಚು ಎಳೆದು ಗಿರಾಕಿಗಳ ಮಧ್ಯೆಯೇ ಕೂತ. "ಅರ್ಜಿ ಕಳ್ಸೂಕ್ ಇವತ್ತೇ ಅಲ್ದಾ ಕಡಿಗ್? ಕಳ್ಸ್. ಮಂಗ್ಳೂರಿಗ್ ನಾನೇ ಬತ್ತೆ, ಸೇರ್ಸೂಕೆ," ಎಂದ. ಮೈತ್ರಿಯ ಕಡೆ ತಿರುಗಲಿಲ್ಲ, ಟಿವಿಯಿಂದ ಕಣ್ಣು ಕೀಳಲಿಲ್ಲ.

ಅಷ್ಟರಲ್ಲಿ ಒಳಗಿನಿಂದ ಕಮರು ವಾಸನೆ ಬಂತು. "ರಘುರಾಮಣ್ಣ, ಕಾವ್ಲಿ ಮ್ಯಾಲ್ ದ್ವಾಸಿ ಸೀದ್ ಹೋಪ್ಕಾಯ್ತ್!" ಎಂದು ಯಾರೋ ಕೂಗಿದರು.

"ಹೋಯ್ಲಿ ಬಿಡ್," ಎಂದ ಅಣ್ಣ. "ಮಗಾ, ಇನ್ನೊಂದ್ಸಲ ಹಾಕ್."